ಹೇಳದೆ ಕುಡಿಸಿದ್ದು

ಕೀವು, ರಕ್ತ, ವಾಂತಿ ಕಂಡರೆ ಪಾರ್ವತಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಮನುಷ್ಯರ ಮೈಯಿಂದ ಬರುವ ಯಾವುದೂ ಅವರಿಗೆ ಹೇಸಿಗೆಯಲ್ಲ. ಆದರೆ ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕುವವರನ್ನೋ, ರೋಗಿಯ ಮುಂದೆ ನಗುನಗುತ್ತ ಸುಳ್ಳು ಹೇಳುವವರನ್ನೋ ಕಂಡರೆ ಮೂಗು ಮುರಿದು, "ಥೂ, ಎಂಥ ಕೊಳಕು ಜನ" ಎನ್ನುತ್ತಿದ್ದರು.

ಕೊಡ್ಲಿಪೇಟೆ ಸುತ್ತಿನ ಎಸ್ಟೇಟುಗಳಲ್ಲಿ, ಕೂಲಿಯವರ ಲೈನುಮನೆಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ನರ್ಸ್ ಅವರು. ನಿವೃತ್ತರಾದ ಮೇಲೆ ನಮ್ಮ ಪಕ್ಕದ ಮನೆಗೆ ಬಂದರು. ಮದುವೆಯಾಗಿರಲಿಲ್ಲ, ತಂಗಿಯ ಮಗಳು ಸುಮ ಜೊತೆಗಿದ್ದಳು. ಬೆಳಿಗ್ಗೆ ಏಳಕ್ಕೆ ಕಾಂಪೌಂಡಿನಾಚೆಯಿಂದ "ಏನೇ ತಿಂಡಿ?" ಎಂದು ಕೇಳುವರು. ನಾನು ಏನೆಂದರೂ "ಎಣ್ಣೆ ಕಮ್ಮಿ ಹಾಕು" ಎಂಬುದೇ ಉತ್ತರ. ಒಮ್ಮೆ ಲೈನಿನ ಅಜ್ಜಿಯೊಬ್ಬಳು ಎಳೆಗೂಸಿನ ಹೊಕ್ಕುಳಿಗೆ ಸಗಣಿ ಬೂದಿ ಮೆತ್ತಿದ್ದಳಂತೆ. ಇವರು ಅದನ್ನೆಲ್ಲ ತೊಳೆದು, ಅಜ್ಜಿಯ ಕೈ ಹಿಡಿದುಕೊಂಡು, "ನಿಮ್ ಕೈ ಕುಯ್ದು ಸಗಣಿ ಹಚ್ಲಾ ಅಜ್ಜಿ? ಬೇಡ್ವಾ? ಹಂಗಾದ್ರೆ ಕೂಸಿಗ್ಯಾಕೆ?" ಎಂದಿದ್ದರು.

ನಮ್ಮ ಯಜಮಾನರಿಗೆ ನಡುಕದ ಕಾಯಿಲೆ, ಪಾರ್ಕಿನ್‌ಸನ್. ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಬೇಕು. ಮಾತ್ರೆ ನುಂಗುತ್ತಿದ್ದರೂ ಕೈ ಒಂದೊಂದು ತಿಂಗಳು ಒಂದೊಂದು ಕೆಲಸ ಬಿಡುತ್ತ ಬಂತು. ಆಗಲೇ ಊರಿನ ಕಲ್ಯಾಣಮಂಟಪದಲ್ಲಿ ಟೈ ಕಟ್ಟಿದವನೊಬ್ಬ, ವಡೆ ಕಾಫಿ ಕೊಟ್ಟು, ಪರದೆಯ ಮೇಲೆ ಚಿತ್ರ ತೋರಿಸಿದ. ಉಸಿರಿನ ಆಮ್ಲಜನಕ ಮಿದುಳಿನೊಳಗೆ ಕಿಡಿಯಂತೆ ಸಿಡಿದು ಜೀವಕೋಶಗಳನ್ನು ಸುಡುತ್ತದೆ, ಅದೇ ಆಕ್ಸಿಡೇಟಿವ್ ಸ್ಟ್ರೆಸ್ ಎಂದ. ಹೊಕ್ಕುಳಬಳ್ಳಿಯಲ್ಲಿರುವ ಸ್ಟೆಮ್ ಸೆಲ್ ಎಂಬ ಮೂಲಕೋಶ ಅದನ್ನು ತಡೆಯುತ್ತದೆ, ತಾನು ಮಾರುವ ಪುಡಿಯಲ್ಲಿ ಅದೇ ಇದೆ ಎಂದ.

ಅವನ ಪುಡಿ ಯಾಕೆ ಎನಿಸಿತು ನನಗೆ. ಮಗಳ ಹೊಕ್ಕುಳಬಳ್ಳಿ ಒಣಗಿ ಬಿದ್ದದ್ದನ್ನು ಬೆಳ್ಳಿ ತಾಯಿತದಲ್ಲಿ ಇಟ್ಟಿದ್ದೆ. ಮಕ್ಕಳಿಗೆ ಕಾಯಿಲೆಯಾದರೆ ಅದನ್ನು ತೇದು ಕೊಡುವುದು ನಮ್ಮ ಅಮ್ಮನ ಕಾಲದಿಂದಲೂ ಇತ್ತು. ಮರುದಿನದಿಂದಲೇ ಸಾಣೆಕಲ್ಲಿನ ಮೇಲೆ ಚೂರು ಚೂರೇ ತೇದು ಹಾಲಿನಲ್ಲಿ ಬೆರೆಸಿ, "ಬಜೆ ಬೇರು ತೇದಿದ್ದು, ಕುಡೀರಿ" ಎಂದು ಯಜಮಾನರಿಗೆ ಕೊಟ್ಟೆ.

ಒಂಬತ್ತನೆಯ ಬೆಳಿಗ್ಗೆ ಮಜ್ಜಿಗೆಗೆಂದು ಬಂದ ಪಾರ್ವತಕ್ಕ ಸಾಣೆಕಲ್ಲನ್ನೂ ಬಾಯಿ ತೆರೆದ ತಾಯಿತವನ್ನೂ ನೋಡಿದರು.

"ಯಾರಿಗೇ ಇದು?"

ಟೈಯವನ ಮಾತಿನಿಂದ ಬಜೆಯವರೆಗೆ ಎಲ್ಲ ಹೇಳಿದೆ.

"ಸ್ಟೆಮ್ ಸೆಲ್ ಅಂದ್ರೆ ಜೀವ ಇರೋದು ಕಣೆ. ಮಡಿಕೇರಿ ಡಾಕ್ಟ್ರನ್ನ ನಾನೂ ಕೇಳಿದೀನಿ. ಅದು ಪಕ್ಕದ ಜೀವಕೋಶನ ಕಾಯುತ್ತೆ ಅಂತ ಲ್ಯಾಬಲ್ಲಿ, ಇಲಿಗಳ ಮೇಲೆ ನೋಡ್ತಾವ್ರೆ. ಮನುಷ್ಯರ ಮೇಲೆ ಇನ್ನೂ ಪರೀಕ್ಷೆನೇ ಮುಗ್ದಿಲ್ಲ. ಇದು ಇಪ್ಪತ್ತಾರು ವರ್ಷದ ಒಣಕಲು. ಕುದಿಸಿದ ಮೊಸರು ಹಾಕಿದ್ರೆ ಹಾಲು ಹೆಪ್ಪಾಗುತ್ತೇನೆ? ಅವನ ಪುಡಿನೂ ಅಷ್ಟೇ."

"ಅಸಹ್ಯ ಅಲ್ವಾ ಅಕ್ಕ, ನಾನ್ ಮಾಡಿದ್ದು?"

"ಬಳ್ಳಿ ಎಂಥ ಅಸಹ್ಯ? ಸಾವಿರ ಕತ್ತರಿಸಿದೀನಿ. ಅವರಿಗೆ ಬಜೆ ಅಂದ್ಯಲ್ಲ, ಥೂ, ಅದು ಅಸಹ್ಯ. ನಡುಗೋದು ಕೈ ಕಣೆ, ಬುದ್ಧಿ ಅಲ್ಲ. ಹೋಗಿ ಹೇಳು. ನಾನು ಇಲ್ಲೇ ನಿಂತಿರ್ತೀನಿ."

ಹೇಳಿದೆ. ಯಜಮಾನರು ಲೋಟ ಕೆಳಗಿಟ್ಟರು. "ಬಜೆ ರುಚಿ ಅಲ್ಲ ಅಂತ ಮೊದಲ ದಿನವೇ ಗೊತ್ತಾಯ್ತು. ನೀನು ಕೊಟ್ಟಿದ್ದು ಅಂತ ಕುಡಿದೆ" ಎಂದರು. ಎರಡು ದಿನ ನನಗೆ ನನ್ನ ಕೈಯಡುಗೆಯೇ ಸೇರಲಿಲ್ಲ.

ಹೋದ ಮೆಣಸು ಕುಯ್ಲಿನ ಹೊತ್ತಿಗೆ ಪಾರ್ವತಕ್ಕನಿಗೇ ಪಾರ್ಶ್ವವಾಯು ಹೊಡೆಯಿತು. ಮಾತು ಹೋಯಿತು, ಬಲಗೈ ಹೋಯಿತು, ಅರಿವಿತ್ತು. ನೋಡಲು ಹೋದಾಗ ಸುಮ ಅಡುಗೆಮನೆಯಲ್ಲಿ ಗಂಜಿಗೆ ಪುಡಿ ಕಲಸುತ್ತಿದ್ದಳು. ಪೊಟ್ಟಣದ ಮೇಲೆ ಆ ಟೈಯವನದೇ ನಗುಮುಖ.

"ದೊಡ್ಡಮ್ಮಂಗೆ ಹೇಳ್ಬೇಡಿ ಶಾರದಕ್ಕ. ಗೊತ್ತಾದ್ರೆ ಬಾಯೇ ತೆಗೆಯಲ್ಲ."

ನಾನು ಮಂಚದ ಪಕ್ಕ ಕೂತು ಹೇಳಿಬಿಟ್ಟೆ. "ಪಾರ್ವತಕ್ಕ, ಗಂಜಿಯಲ್ಲಿ ಆ ಪುಡಿ ಇದೆ."

ಸುಮ ಚಮಚ ಹಿಡಿದು ಅಳುತ್ತ ನಿಂತಳು. ಪಾರ್ವತಕ್ಕ ನನ್ನನ್ನು ನೋಡಿದರು. ಆಮೇಲೆ ಸುಮಳನ್ನು. ಆಮೇಲೆ ಬಾಯಿ ತೆರೆದರು. ಒಂದು ಚಮಚ, ಇನ್ನೊಂದು, ಬಟ್ಟಲು ಖಾಲಿಯಾಗುವವರೆಗೆ. ಬದುಕುವ ಆಸೆಯೋ, ಆ ಹುಡುಗಿಯ ಮೇಲಿನ ಕರುಣೆಯೋ, ಕೇಳೋಣವೆಂದರೆ ಮಾತಿಲ್ಲ. ಬಟ್ಟಲನ್ನು ಹಿತ್ತಲ ನಲ್ಲಿಯಲ್ಲಿ ಮೂರು ಸಲ ತೊಳೆದೆ. ಅಂಟು ಹೋದಂತೆ ಅನಿಸಲಿಲ್ಲ.

ಮುಂದಿನ ವಾರ ಪಾರ್ವತಕ್ಕ ತೀರಿಕೊಂಡರು. ಹದಿಮೂರನೆಯ ದಿನ ಕಳೆದು ಸಾಮಾನು ಒಪ್ಪ ಮಾಡುವಾಗ ನಾಲ್ಕು ಪೊಟ್ಟಣ ಉಳಿದಿದ್ದವು. "ಸುಮ್ನೆ ಹಾಳಾಗುತ್ತೆ. ನಿಮ್ಮನೆಯವ್ರಿಗೆ ಆಗುತ್ತಲ್ಲ, ತಗೊಂಡ್ಹೋಗಿ ಶಾರದಕ್ಕ" ಎಂದಳು ಸುಮ.

ತಂದು ಯಜಮಾನರ ಮುಂದಿಟ್ಟು, ಏನೆಂದು ಹೇಳಿದೆ. ಅವರು ಎದ್ದು, ನಡುಗುವ ಬೆರಳಿನಲ್ಲೇ ಒಂದೊಂದನ್ನೂ ಹರಿದು ಬಚ್ಚಲಿಗೆ ಸುರಿದರು. ನಾಲ್ಕು ಪೊಟ್ಟಣಕ್ಕೆ ಬಹಳ ಹೊತ್ತು ಹಿಡಿಯಿತು. ನಾನು ಕೈ ಹಾಕಲಿಲ್ಲ.