ಒಂದು ಟಗರಿನ ಬೆನ್ನು ಹತ್ತಿ

ಬೆಳಿಗ್ಗೆ ಏಳಕ್ಕೆ ಕೂಡ್ಲಿಗಿಯಲ್ಲಿ ಬಸ್ ಹತ್ತಿದಾಗ ತೊಡೆಯ ಮೇಲೊಂದು ಊಟದ ಡಬ್ಬಿ. ಒಳಗೆ ಐಸು, ಐಸಿನ ನಡುವೆ ಮಾಂಸದಲ್ಲಿ ಆ್ಯಂಟಿಬಯಾಟಿಕ್ ಉಳಿದಿದೆಯೇ ಎಂದು ಬೇಗನೆ ತೋರಿಸುವ ಪರೀಕ್ಷಾ ಪಟ್ಟಿಗಳು. ನಾನು ಪಶುವೈದ್ಯ. ಮೂರು ದಿನದ ಹಿಂದೆ ಕೊಟ್ಟೂರಿನ ಬಸಮ್ಮನ ಟಗರಿಗೆ ಸೂಜಿ ಹಾಕಿದ್ದೆ. ಔಷಧಿ ಮೈಯಿಂದ ಇಳಿಯುವ ತನಕ ಮಾರಬೇಡಿ ಎನ್ನುವುದನ್ನೇ ಮರೆತಿದ್ದೆ. ನೆನಪಾದದ್ದು ಇವತ್ತು ಹಲ್ಲುಜ್ಜುವಾಗ. ಬಸಮ್ಮ ಫೋನ್ ಎತ್ತಲಿಲ್ಲ.

ಕೊಟ್ಟೂರಿಗೆ ಮುಕ್ಕಾಲು ಗಂಟೆ. ಬಸಮ್ಮ ಹಟ್ಟಿ ಗುಡಿಸುತ್ತಿದ್ದಳು. "ನಿನ್ನೇನ ಮಾರಿದ್ನಲ್ರಿ. ನೀವೇನೂ ಹೇಳ್ಲಿಲ್ಲಲ್ಲ?"

ಕೊಂಡವನು ಹಗರಿಬೊಮ್ಮನಹಳ್ಳಿಯ ವ್ಯಾಪಾರಿ. ಅಲ್ಲಿಗೆ ಹೋದರೆ ಟಗರು ಹಡಗಲಿಯ ಮಟನ್ ಅಂಗಡಿ ಹನುಮಂತಪ್ಪನಿಗೆ ದಾಟಿತ್ತು. ಫೋನ್ ಹಚ್ಚಿದೆವು, ಎತ್ತಲಿಲ್ಲ. "ಗಿರಾಕಿ ಹೊತ್ತು ನೋಡ್ರಿ" ಎಂದ ವ್ಯಾಪಾರಿ. ನಿಲ್ದಾಣದಲ್ಲಿ ಮಂಡಕ್ಕಿ ಮಿರ್ಚಿ ಕೊಂಡೆ, ಪೊಟ್ಟಣ ಬಿಚ್ಚದೆ ಬಸ್ಸಿಗೆ ಓಡಿದೆ.

ಹಡಗಲಿ ಬಸ್ಸು ದಾರಿಯಲ್ಲಿ ಚಹಾಕ್ಕೆ ನಿಂತಿತು. ನನಗೆ ಕಂಡಕ್ಟರ್ ಮೇಲೆ ಕೆಂಡದಂಥ ಸಿಟ್ಟು, ಅವನದೇನು ತಪ್ಪು! ಡಬ್ಬಿಯ ನೀರು ಪಕ್ಕದ ಅಜ್ಜನ ಧೋತರಕ್ಕೆ ತೊಟ್ಟಿಕ್ಕಿತು. "ಮೀನ ಏನ್ರಿ?" ಎಂದ ಅಜ್ಜ.

ಹನುಮಂತಪ್ಪನ ಅಂಗಡಿಯಲ್ಲಿ ಟಗರಿನ ಅರ್ಧ ಮಾತ್ರ ತೂಗುತ್ತಿತ್ತು. ಸೂಜಿಯ ವಿಷಯ ಹೇಳಿ, ಚೂರು ಮಾಂಸ ಅರೆದು, ದ್ರಾವಣದಲ್ಲಿ ಕಲಸಿ, ಪಟ್ಟಿಗೆ ಹನಿ ಬಿಟ್ಟೆ. ಇಬ್ಬರೂ ಬಗ್ಗಿ ಕೂತೆವು. ಎರಡು ಗೆರೆ ಬಂದರೆ ಮಾಂಸ ಶುದ್ಧ. ಒಂದೇ ಬಂತು.

"ಸೂಜಿ ಹಾಕಿ ಮಾರಾಕ ಬಿಟ್ಟೋನು ಯಾವನ್ರಿ?"

"ನಾನೇ" ಎಂದೆ.

ಆತ ಫೋನ್ ತೆಗೆದ. "ಯಕ್ಕಾ, ಬಾಣಂತಿಗೆ ಒಯ್ದ ಮಟನ್ ಒಲಿ ಮ್ಯಾಲಿಂದ ಇಳಸು. ಕೊಡಬ್ಯಾಡ." ಆ ಕಡೆಯ ದನಿ ನನಗೂ ಕೇಳಿತು: "ಈಗಿನ್ನ ಎಸರು ಕುದಿಯಾಕ ಹತ್ತೈತಲ್ಲೋ!"

ಒಯ್ದವರೆಲ್ಲ ಗುರುತಿನವರೇ. ಒಬ್ಬೊಬ್ಬರಿಗೂ ಆತ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟ. "ನೀವ ಹೇಳ್ರಿ." ಹೇಳಿದೆ. ಬೈಗುಳ ತಿಂದೆ. ಸಂಜೆಗೆ ತಿರುಗಿ ಬಂದ ಮಾಂಸವನ್ನೆಲ್ಲ ಊರಾಚೆ ಇಬ್ಬರೂ ಕೂಡಿ ಹೂತೆವು.

ನೇರ ಬಸ್ಸು ತಪ್ಪಿ ಹರಪನಹಳ್ಳಿ ಸುತ್ತಿ ಹೊರಟೆ. ಅಲ್ಲಿ ಬಸ್ಸು ಬದಲಿಸುವಾಗ ಬಸಮ್ಮನ ಫೋನು.

"ಡಾಕ್ಟ್ರ, ಇನ್ನೊಂದು ಟಗರು ಕುಂಟಾಕ ಹತ್ತೈತಿ. ನಾಳಿ ಬರ್ರಿ."

"ನಾನೇ ಬರಬೇಕೇನಮ್ಮ?"

"ಮತ್ತ್ಯಾರು ಬರ್ತಾರ? ಎಷ್ಟು ದಿನ ಮಾರಬಾರದಂತ ಮೊದಲು ಹೇಳ್ರಿ, ಆಮ್ಯಾಲೆ ಸೂಜಿ ತಗೀರಿ."