ಫ್ಲಾಸ್ಕಿನಲ್ಲಿ ತಡವಾಗಿ ಬಂದ ಹಸಿರು

ಎಂ.ಎಸ್ಸಿ. ಕೊನೆಯ ವರ್ಷ, ಪ್ರಾಜೆಕ್ಟ್ ಪರೀಕ್ಷೆಯ ದಿನ. ಮಸಗುಪ್ಪಿಯಿಂದ ನಾನು, ಹುಕ್ಕೇರಿಯಿಂದ ಗೆಳತಿ ಶಾಹೀನ್ ಬೆಳಿಗ್ಗೆ ಬೇಗನೆ ಗೋಕಾಕದ ಕಾಲೇಜು ಸೇರಿದ್ದೆವು. ಇಬ್ಬರದೂ ಒಂದೇ ಪ್ರಾಜೆಕ್ಟ್. ಜೆಲ್ಲಿ ಮೀನಿನ ಜೀನ್ ಸೇರಿಸಿದ ಬ್ಯಾಕ್ಟೀರಿಯಾವನ್ನು ಗಾಜಿನ ಫ್ಲಾಸ್ಕಿನಲ್ಲಿ ಬೆಳೆಸುವುದು, ಒಂದು ದ್ರಾವಣ ಹಾಕಿ ಆ ಬ್ಯಾಕ್ಟೀರಿಯಾದಿಂದ ಪ್ರೋಟೀನ್ ಮಾಡಿಸುವುದು. ಆ ಪ್ರೋಟೀನ್ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಫ್ಲಾಸ್ಕಿಗೆ ಅಂಟಿಸಿದ ಸೆನ್ಸರ್ ಆ ಹೊಳಪನ್ನು ಅಳೆದು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ತೋರಿಸುತ್ತಿತ್ತು. ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆ ಎನ್ನುವುದಕ್ಕೆ ಇನ್ನೊಂದು ಗೆರೆ.

ಮೇಜಿನ ಮೇಲೆ ಅಕ್ಕಪಕ್ಕ ಇದ್ದ ಎರಡು ಟ್ಯೂಬುಗಳಲ್ಲಿ ಒಂದನ್ನು ಎತ್ತಿ ನಾನೇ ದ್ರಾವಣ ಹಾಕಿದೆ. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಫ್ಲಾಸ್ಕನ್ನು ಅಲ್ಲಾಡಿಸುವ ಯಂತ್ರ ನಿಂತಿತು. ಲ್ಯಾಪ್‌ಟಾಪ್, ಅದಕ್ಕೆ ಜೋಡಿಸಿದ ಸೆನ್ಸರ್ ಮಾತ್ರ ಬ್ಯಾಟರಿಯ ಮೇಲೆ ನಡೆದಿದ್ದವು. ಬೆಳವಣಿಗೆಯ ಗೆರೆ ನಿಧಾನವಾಗಿ ಏರುತ್ತಿತ್ತು, ಹಸಿರಿನ ಗೆರೆ ನೆಲ ಬಿಟ್ಟು ಏಳಲೇ ಇಲ್ಲ.

"ಖರೇನ ಅದನ್ನ ಹಾಕಿಯೇನ? ಬಾಜೂದ ಟ್ಯೂಬ್ ತಗೊಂಡಿಲ್ಲ ಹೌದಿಲ್ಲೋ?" ಎಂದಳು ಶಾಹೀನ್.

"ಹಾಕೇನವಾ," ಎಂದೆ. ಅವಳು ಮತ್ತೆ ಕೇಳಿದಾಗ ನನಗೇ ಗೊಂದಲವಾಯಿತು. ಎರಡೂ ಟ್ಯೂಬುಗಳಲ್ಲಿ ಇದ್ದದ್ದು ನೀರಿನಂಥ ದ್ರವ. ಯಾವುದನ್ನು ಎತ್ತಿದೆ? ಕಣ್ಣು ಮುಚ್ಚಿ ನೆನಪಿಸಿಕೊಂಡರೂ ನನ್ನ ಕೈ ಮಾತ್ರ ಕಂಡಿತು.

ಕರೆಂಟ್ ಬಂದು ಯಂತ್ರ ತಿರುಗತೊಡಗಿತು. ಇನ್ನೇನು ಪ್ರಯೋಜನ ಎಂದು ಶಾಹೀನ್ ಕ್ಯಾಂಟೀನಿಗೆ ಹೋದಳು. ನಾನು ಕಾರಿಡಾರಿನ ಕೊನೆಗೆ ಹೋಗಿ ನಿಂತು ಅತ್ತೆ. ಬಹಳ ಹೊತ್ತಿನ ಮೇಲೆ ಇಬ್ಬರೂ ಒಟ್ಟಿಗೇ ಒಳಗೆ ಬಂದು ನೋಡಿದರೆ ಹಸಿರು ಗೆರೆ ಮೇಲೇರುತ್ತಿತ್ತು!

"ನೀ ಬಂದು ಮತ್ತ ಹಾಕಿದೇನ?" ಎಂದೆ.

"ನಾ ಯಾಕ ಹಾಕ್ಲಿ? ನೀನ ಹಾಕಿ, ಈಗ ನನಗ ಕೇಳಾಕತ್ತಿ!"

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ಅವಳ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಅವಳಿಗೂ ನನ್ನ ಮಾತಿನ ಮೇಲೆ ಬರಲಿಲ್ಲ ಎನ್ನುವುದು ಕಣ್ಣಿನಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಪರೀಕ್ಷಕಿ ಬಂದರು. ವಯಸ್ಸಾದವರು, ಮೆಲುದನಿ. ಗೆರೆ ನೋಡಿ, "ಇದು ಇಷ್ಟು ತಡಾ ಯಾಕ ಆತು?" ಎಂದು ಕೇಳಿದರು.

"ನಮಗ ಗೊತ್ತಿಲ್ರಿ ಮೇಡಂ," ಎಂದೆ. ಫೇಲಾದೆವು ಎಂದೇ ಅಂದುಕೊಂಡು, ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅವರು ನಕ್ಕರು. "ನೀವು ಹಾಕಿದ್ದು ಸರೀನ ಐತಿ. ಪ್ರೋಟೀನ್ ಆಗಿತ್ತು, ಆದರ ಅದು ಹೊಳೀಬೇಕಂದ್ರ ಆಕ್ಸಿಜನ್ ಬೇಕು. ಫ್ಲಾಸ್ಕ್ ಅಲ್ಲಾಡೂದು ನಿಂತಾಗ ಗಾಳಿ ಒಳಗ ಬೆರೀಲಿಲ್ಲ. ಮತ್ತ ಅಲ್ಲಾಡಿತು, ಗಾಳಿ ಸಿಕ್ತು, ಹೊಳೀತು. ಅಷ್ಟ."

ಪಾಸಾದೆವು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸು ಬಂದರೂ ಶಾಹೀನ್ ಹತ್ತಲಿಲ್ಲ. ನಾನು ಹತ್ತಬೇಕಾದ ಮೂಡಲಗಿ ಬಸ್ಸು ಬರುವವರೆಗೂ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಬಸ್ಸು ಹತ್ತುವಾಗ ಒಮ್ಮೆ ನನ್ನ ಕೈ ಹಿಡಿದು, ಬಿಟ್ಟಳು, ಅಷ್ಟೇ.

ಬೆಳಕು ಯಾಕೆ ತಡವಾಯಿತು ಎನ್ನುವುದು ಅಂದೇ ತಿಳಿಯಿತು. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯ ರೊಟ್ಟಿ ತಿಂದವರಿಗೆ ಒಬ್ಬರ ಮೇಲೊಬ್ಬರಿಗೆ ಅಷ್ಟು ಬೇಗ ಸಂಶಯ ಹೇಗೆ ಬಂತು ಎನ್ನುವುದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.