ಆಯುಧಪೂಜೆಗೂ ರಜೆಯಿಲ್ಲದ ಪೆಟ್ಟಿಗೆ

ಚಾಮರಾಜಪೇಟೆಯ ವಠಾರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮಾರ್ಕೆಟ್ಟಿನಿಂದ ಹೂವಿನ ಮೂಟೆ ಹೊತ್ತ ಆಟೋಗಳು ಬೀದಿಯಲ್ಲಿ ಹಾದುಹೋಗುತ್ತಿವೆ. ರಂಗನಾಯಕಿ ಎದ್ದವರೇ ಬಾಗಿಲಿಗೆ ನೀರು ಹಾಕುವುದಿಲ್ಲ, ಒಲೆಯನ್ನೂ ಹಚ್ಚುವುದಿಲ್ಲ. ಮೂಲೆಯಲ್ಲಿ ಗುಂಯ್‌ಗುಡುವ ಹಳೇ ಕಂಪ್ಯೂಟರಿನ ಬೆನ್ನಿಗೆ ಅಂಗೈ ಇಡುತ್ತಾರೆ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ. ಬೆಚ್ಚನೆಯ ಗಾಳಿ ಬರುತ್ತಿದೆ. ಸಮಾಧಾನವಾಗಿ ಹಾಲು ಕಾಯಿಸಲು ಹೋಗುತ್ತಾರೆ.

ಇದು ಫೈರ್‌ವಾಲ್. ಆರು ಮನೆಗೂ ಇರುವುದು ಒಂದೇ ಇಂಟರ್ನೆಟ್ ತಂತಿ. ಹೊರಗಿನಿಂದ ಬರುವುದೆಲ್ಲ ಮೊದಲು ಈ ಪೆಟ್ಟಿಗೆಯನ್ನು ಹಾಯಬೇಕು. ಕೆಟ್ಟದ್ದು ಇಲ್ಲೇ ನಿಲ್ಲುತ್ತದೆ. ಆದ್ದರಿಂದ ಇದು ಹಗಲೂ ರಾತ್ರಿ ಓಡುತ್ತಲೇ ಇರಬೇಕು. ಹಳೇ ಬಿಡಿಭಾಗ ಹುಡುಕಿ ತಂದು ಜೋಡಿಸಿಕೊಟ್ಟವರು ಓಕಳಿಪುರಂನ ಮೆಕ್ಯಾನಿಕ್ ಶ್ರೀಧರ್. ಐದು ವರ್ಷದಿಂದ, 2000ರಿಂದ, ಅದನ್ನು ಕಾಯುತ್ತಿರುವವರು ರಂಗನಾಯಕಿ. ಇಂಟರ್ನೆಟ್ ಇದ್ದಾಗ ಅವರ ನೆನಪು ಯಾರಿಗೂ ಇಲ್ಲ, ಹೋದರೆ ಮಾತ್ರ ಆರೂ ಬಾಗಿಲಿಂದ "ರಂಗನಾಯಕಮ್ಮಾ!"

"ಟೆಲಿಫೋನ್ ಎಕ್ಸ್‌ಚೇಂಜಲ್ಲಿ ನೈಟ್ ಡ್ಯೂಟಿ ಮಾಡ್ದವಳು ನಾನು. ಈ ಸದ್ದು ನಿಂತ್ರೆ ನಿದ್ದೇಲೂ ಗೊತ್ತಾಗತ್ತೆ," ಎನ್ನುತ್ತಾರೆ. ಕರೆಂಟ್ ಹೋದರೆ ಬ್ಯಾಟರಿ ಕೂಗುವ ಮೊದಲೇ ಎದ್ದು ಕೂತಿರುತ್ತಾರಂತೆ. ತವರಿಗೆ ಹೋದರೂ ರಾತ್ರಿ ಉಳಿಯುವುದಿಲ್ಲ.

ಇಷ್ಟು ಎಚ್ಚರಕ್ಕೆ ಕಾರಣವಿದೆ. ಕಳೆದ ಆಯುಧಪೂಜೆಯಂದು, ಆಯುಧಗಳಿಗೆಲ್ಲ ವಿಶ್ರಾಂತಿ ಕೊಡುವ ದಿನ ಇದಕ್ಕೊಂದಕ್ಕೆ ಯಾಕೆ ಶಿಕ್ಷೆ ಎಂದು, ಪೆಟ್ಟಿಗೆ ಆರಿಸಿ ಕುಂಕುಮವಿಟ್ಟರು. ಮನೆಗಳವರು ಪರದಾಡಬಾರದೆಂದು ತಂತಿಯನ್ನು ಪೆಟ್ಟಿಗೆ ಹಾಯಿಸದೆ ನೇರವಾಗಿ ಮನೆಗಳಿಗೆ ಕೊಟ್ಟರು. ಸಂಜೆಯೊಳಗೆ ವೈರಸ್ ನುಗ್ಗಿತು. ಎದುರು ಮನೆಯ ಬದರೀನಾರಾಯಣ ಮೇಷ್ಟ್ರು ತೀರಿಹೋದ ತಾಯಿಯ ಆರತಿ ಹಾಡುಗಳನ್ನು ಆಕೆಯದೇ ದನಿಯಲ್ಲಿ ಕಂಪ್ಯೂಟರಿಗೆ ತುಂಬಿಸಿಟ್ಟಿದ್ದರು. ಒಂದೂ ಉಳಿಯಲಿಲ್ಲ.

"ಮೇಷ್ಟ್ರು ಬೈಲೇ ಇಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ರಂಗನಾಯಕಿ. "ಈಗ್ಲೂ ಕನಸಲ್ಲಿ ಎಕ್ಸ್‌ಚೇಂಜಿನ ಸಣ್ಣ ಸಣ್ಣ ದೀಪ ಕಾಣತ್ತೆ. ಹೆಡ್‌ಫೋನ್ ಹಾಕ್ಕೊಂಡ್ರೆ ಆ ಅಜ್ಜಿ ಹಾಡ್ತಿರ್ತಾರೆ. ಅರ್ಧಕ್ಕೇ ನಿಲ್ಲತ್ತೆ. ಎದ್ಬಂದು ಇದನ್ನ ಮುಟ್ಟಿ ನೋಡ್ತೀನಿ."

ಮತ್ತೆ ಆಯುಧಪೂಜೆ ಬರುತ್ತಿದೆ. ಪೆಟ್ಟಿಗೆಯ ಪಕ್ಕದಲ್ಲಿ ಈಗ ಅಂಥದೇ ಇನ್ನೊಂದು ಪೆಟ್ಟಿಗೆಯಿದೆ. ತಂದವರು ಬದರೀನಾರಾಯಣ ಮೇಷ್ಟ್ರೇ. ಹೊಸ್ತಿಲಲ್ಲಿ ಅದನ್ನು ಇಳಿಸಿ, "ಹಳೇದಕ್ಕೂ ಒಂದಿನ ರಜ ಬೇಡ್ವೇನಮ್ಮ?" ಎಂದರಂತೆ. ಅಂದು ರಂಗನಾಯಕಿ ಬಾಗಿಲ ಹಿಂದೆ ನಿಂತು ಅತ್ತರು. ನಾನಾಗಿದ್ದರೂ ಅಳುತ್ತಿದ್ದೆ.

ವಾರದಿಂದ ಅವರ ಹಾಸಿಗೆ ಹೊಸ ಪೆಟ್ಟಿಗೆಯ ಪಕ್ಕಕ್ಕೆ ಬಂದಿದೆ. ಅದರ ಸದ್ದಿನ ಪರಿಚಯವಾಗಬೇಕಂತೆ. ಹಬ್ಬದ ದಿನ ಕಾವಲನ್ನು ಅದಕ್ಕೊಪ್ಪಿಸಿ, ಹಳೆಯದನ್ನು ತಮ್ಮ ಕೈಯಾರೆ ಆರಿಸಿ ಸೇವಂತಿಗೆ ಮುಡಿಸುವ ಆಸೆ ಅವರದು.

ಹೋದ ವರ್ಷವೇನೋ ಎದ್ದಿತು, ಇಷ್ಟು ಹಳೆಯ ಯಂತ್ರ ಈ ಸಲ ನಿಂತರೆ ಮತ್ತೆ ಏಳದಿರಬಹುದು ಎಂದು ಶ್ರೀಧರ್ ಎಚ್ಚರಿಸಿದ್ದಾರೆ. ಅದನ್ನೇ ಕೇಳುತ್ತೇನೆ. ರಂಗನಾಯಕಿ ಅದರ ಬೆನ್ನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾರೆ.

"ಏಳ್ದಿದ್ರೆ ಮಲಗ್ಲಿ ಬಿಡಿ. ನಮಗೋಸ್ಕರ ಎಷ್ಟ್ ದಿನ ಎಚ್ಚರ ಇರತ್ತೆ, ಪಾಪ."